ಕಿಟಕಿ ಬದಿಯ ಬೋಲ್ಟು

ರೋಣ
೨೦-೧-೨೦೨೫, ಸೋಮವಾರ

ಪ್ರೀತಿಯ ತಮ್ಮ ಅಮರೇಶನಿಗೆ ಅಣ್ಣ ಕಳಕೇಶ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಬರೀ ಚಹಾದ ಮೇಲೇ ದಿನ ನೂಕುತ್ತೀಯೋ? ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹುಬ್ಬಳ್ಳಿಯೇನು ಏಳು ಸಮುದ್ರದಾಚೆ ಇಲ್ಲ. ಆದರೂ ಎರಡು ವರ್ಷವಾಯಿತು. ಅವ್ವ ಈ ಸಂಕ್ರಾಂತಿಗೂ ನಿನ್ನ ಪಾಲಿನ ಕುಸುರೆಳ್ಳು ಡಬ್ಬಿಯಲ್ಲಿ ತೆಗೆದಿಟ್ಟಿದ್ದಾಳೆ. ಅದಕ್ಕೆ ಇರುವೆ ಹತ್ತಿದರೂ ನನ್ನನ್ನೇ ಬೈಯುತ್ತಾಳೆ.

ಕಳೆದ ವಾರ ನಮ್ಮ ಪೂಲ್ ಟೇಬಲ್ ಬಿಚ್ಚಿದೆ. ಗದಗಿನ ಕ್ಲಬ್ಬೊಂದು ಮಾರಿದ ಆ ಹಳೆಯ ಟೇಬಲನ್ನು ನಾವಿಬ್ಬರೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಹತ್ತಿ ಗೋದಾಮಿನಲ್ಲಿ ಇಳಿಸಿದ ದಿನ ನೆನಪಿದೆಯೇ? ಅಪ್ಪ ಅದರ ಸುತ್ತ ಒಂದು ಸುತ್ತು ಹಾಕಿ, “ಇಷ್ಟ ದೊಡ್ಡ ಮಂಚ ತಂದೀರಿ, ಮಲಗಾಕ ಬರೂದಿಲ್ಲಂದ್ರ ಹ್ಯಾಂಗ?” ಅಂದಿದ್ದ. ನೀನು ಅಂದೇ ಪಾನಾ ಹಿಡಿದು ಅಡಿಗೆ ನುಸುಳಿದವನು, ಸಂಜೆಯವರೆಗೂ ನಿನ್ನ ಕಾಲಷ್ಟೇ ಕಾಣುತ್ತಿದ್ದವು. ಸುತ್ತಲಿನ ಆರು ರಬ್ಬರು ಪಟ್ಟಿಗಳನ್ನು ಹಿಡಿದಿಡಲು ಕಲ್ಲಿನ ಹಾಸಿನ ಕೆಳಗಿನಿಂದ ಹದಿನೆಂಟು ಬೋಲ್ಟು. ನಾನು ಒಂದನ್ನೇ ಜೋರಾಗಿ ತಿರುವಲು ಹೋದರೆ, “ಒಂದನ್ನ ಪೂರಾ ಬಿಗೀಬ್ಯಾಡಣ್ಣಾ, ಎಲ್ಲಾನೂ ಸ್ವಲ್ಪ ಸ್ವಲ್ಪ ಬಿಗೀಕೋತ ಹೋಗು” ಎನ್ನುತ್ತಿದ್ದೆ. ಆ ದಿನಗಳು ಎಷ್ಟು ಚೆನ್ನಾಗಿದ್ದವು ತಮ್ಮಾ!

ಕಿಟಕಿ ಬದಿಯ ಪಟ್ಟಿಗೆ ಬಡಿದ ಚೆಂಡು ತಿರುಗಿ ಬರದೆ ಅಲ್ಲೇ ಕೂರುತ್ತಿತ್ತು. ಲೇತ್ ಅಂಗಡಿಯ ಉಸ್ಮಾನಸಾಬನನ್ನು ಕರೆತಂದೆ. ಅಡಿಯಲ್ಲಿ ಮಲಗಿ ನೋಡಿದರೆ ನಡುವಿನ ಬೋಲ್ಟು ಗಿಡ್ಡದ್ದು. ಪಟ್ಟಿಯೊಳಗಿನ ನಟ್ಟನ್ನು ಎರಡೇ ಸುತ್ತು ಹಿಡಿದು, ಅದರ ಹಲ್ಲನ್ನೂ ಸವೆಸಿಬಿಟ್ಟಿತ್ತು. ವಾಶರಿನ ಬದಲು ಸೈಕಲ್ ಟ್ಯೂಬಿನ ತುಂಡು ಬೇರೆ! “ಯಾವ ಪುಣ್ಯಾತ್ಮ ಮಾಡ್ಯಾನೋ ಇದನ್ನ?” ಎಂದು ಉಸ್ಮಾನಸಾಬ ನಕ್ಕ. ನಾನು ಚಹಾ ತರಲು ಎದ್ದುಹೋದೆ. ಸವೆದ ನಟ್ಟು ಕಿತ್ತು ಹಿತ್ತಾಳೆಯದೊಂದು ಮಾಡಿ ಕೂರಿಸಿದ. ಬೋಲ್ಟು, ವಾಶರು ಎಲ್ಲ ಹೊಸವು. ನೀನು ಹೇಳುತ್ತಿದ್ದಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಚೆಂಡೀಗ ಮೊದಲಿನ ಹಾಗೆ ಪುಟಿಯುತ್ತದೆ.

ಆಗ ದೀಪಾವಳಿ ಪಂದ್ಯದ ಫೈನಲ್ ನೆನಪಾಯಿತು. ಕೊನೆಗುಳಿದ ಕರಿ ಚೆಂಡಿಗೆಂದು ನೀನು ಹೊಡೆದ ಬಿಳಿ ಚೆಂಡು ಅದೇ ಪಟ್ಟಿಗೆ ಬಡಿದು ನಿಂತುಬಿಟ್ಟಾಗ ನೀನು, “ಪಟ್ಟಿ ಸಡಿಲ ಆಗೇತಣ್ಣಾ” ಎಂದೆ. ನಾನು ಇಡೀ ಗೋದಾಮು ಕೇಳುವಂತೆ, “ಆಡಾಕ ಬರದಾಂವ ಟೇಬಲ್‌ಗೆ ಬೈತಾನ” ಎಂದೆ. ಮರುದಿನ ನೀನು ಹುಬ್ಬಳ್ಳಿ ಬಸ್ಸು ಹತ್ತಿದೆ.

ಅಪ್ಪ, ಅವ್ವ ಆಶೀರ್ವಾದ ತಿಳಿಸಿದ್ದಾರೆ. ಅತ್ತಿಗೆ ನಿರ್ಮಲಾ ದಿನಾ ನಿನ್ನ ಮಾತು ತೆಗೆಯುತ್ತಾಳೆ. ಮೈ ಕಡೆ ಜೋಪಾನ.

ನಿನ್ನ ಅಣ್ಣ,
ಕಳಕೇಶ

ತಾ.ಕ.: ಆ ಗಿಡ್ಡ ಬೋಲ್ಟು ಹಾಕಿದ ಪುಣ್ಯಾತ್ಮ ನಾನೇ. ಪಂದ್ಯದ ಹಿಂದಿನ ದಿನ ಹಳೆಯದು ಮುರಿದಿತ್ತು. ಕಡಲೆ ಬಿತ್ತನೆಯ ಗಡಿಬಿಡಿಯಲ್ಲಿ ಕೂರಿಗೆಯದೊಂದು ಬಿಚ್ಚಿ ಸಿಕ್ಕಿಸಿದೆ. ನೀನು ಸಡಿಲ ಎಂದಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಅಂದೆ. ನಿನ್ನೆ ಭಾನುವಾರ, ಪಂದ್ಯದ ದಿನ ಇದ್ದವರನ್ನೆಲ್ಲ ಗೋದಾಮಿಗೆ ಕರೆದು, ಫೈನಲ್ ಗೆದ್ದ ಖಾದರನ ಎದುರಿಗೇ ಇದನ್ನು ಹೇಳಿದೆ. ಆಮೇಲೆ ಖಾದರ ಎದ್ದು, ಬಿಳಿ ಚೆಂಡು ಕರಿ ಚೆಂಡು ಎರಡನ್ನೂ ನಿನ್ನ ಆ ಹೊಡೆತಕ್ಕೆ ಮೊದಲು ಎಲ್ಲಿದ್ದವೋ ಅಲ್ಲೇ ಇಟ್ಟು, “ಅವಂದಿನ್ನ ಒಂದ ಹೊಡತ ಬಾಕಿ ಐತಿ” ಎಂದು ಹೋದ. ಟೇಬಲ್ ಹಾಗೇ ಇದೆ. ಯಾರಿಗೂ ಮುಟ್ಟಗೊಟ್ಟಿಲ್ಲ. ಬಾ.