ಗೋಡೆಯ ಹಿಂದಿನ ಹಾಳೆ

ತಾರೀಕು ೧೪, ಸೋಮವಾರ
ಮಧ್ಯಾಹ್ನ, ಊಟದ ಬಿಡುವಿನಲ್ಲಿ

ಪ್ರೀತಿಯ ಅಕ್ಕ,

ನಿನ್ನ ತಂಗಿಯ ನಮಸ್ಕಾರ. ಹೇಗಿದ್ದೀಯ ಎಂದು ಕೇಳಲು ನನಗೆ ಮುಖವಿಲ್ಲ, ಹಾಗಾಗಿ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ನನ್ನ ಅಕ್ಷರ ಕಂಡೊಡನೆ ಹರಿದು ಹಾಕಬೇಕು ಅನ್ನಿಸಿದರೆ ಹಾಕು, ಆದರೆ ಪೂರ್ತಿ ಓದಿದ ಮೇಲೆ ಹಾಕು.

ಮೊನ್ನೆ ನಿನ್ನ ಮಗಳು ಫೋನ್ ಮಾಡಿದ್ದಳು. ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ ಚಿಕ್ಕಮ್ಮ, ನಾನೇ ಅವರನ್ನ ಗೋಡೆ ಹಿಂದೆ ಕಳಿಸಿದ್ದು ಅಂತ ಹೇಳಿದ್ದನ್ನೇ ಹೇಳ್ತಾಳೆ ಅಂದಳು. ಅದನ್ನು ಕೇಳಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಭಾವನನ್ನು ಗೋಡೆಯ ಹಿಂದೆ ಕಳಿಸಿದವಳು ನೀನಲ್ಲ. ನಾನು.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಸರಿಯಾಗಿ ಕೇಳಲಿಲ್ಲ. ಇವತ್ತು ಕೇಳಿಸಿಕೋ. ಪೊಲೀಸರಿಗೆ ಹೊಸ ಗುಂಡು ಕೊಳ್ಳಬೇಕಿತ್ತು. ಹಳೆಯದು ಭಾರದ್ದು, ಎದುರಿಗೆ ಏನಿದ್ದರೂ ತೂರಿಕೊಂಡು ಹೋಗಿ ಹಿಂದೆ ಇರುವವರಿಗೂ ಅಪಾಯ ಮಾಡುತ್ತದೆ ಎಂದು ದೂರಿತ್ತು. ಹೊಸದು ಹಗುರ, ವೇಗ ಜಾಸ್ತಿ, ಗೋಡೆಗೆ ಬಿದ್ದರೆ ಅಲ್ಲೇ ಪುಡಿಯಾಗುತ್ತದೆ ಎಂದು ಮಾರುವವರು ಹೇಳುತ್ತಿದ್ದರು. ಎರಡನ್ನೂ ಹೋಲಿಸಿ ನೋಡುವುದು ನಮ್ಮ ಪಾಲಿಗೆ ಬಂತು. ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ಬಂದೂಕನ್ನು ಕಬ್ಬಿಣದ ಮೇಜಿಗೆ ಬಿಗಿದಿರುತ್ತೇವೆ. ಇನ್ನೊಂದು ತುದಿಯಲ್ಲಿ ಮರದ ಬಾಗಿಲು, ಕಾರಿನ ಬಾಗಿಲು, ಗಾಜು, ಗೋಡೆ, ಒಂದಾದ ಮೇಲೊಂದು ನಿಲ್ಲಿಸಿ ಹೊಡೆಯುತ್ತೇವೆ. ಪ್ರತಿಯೊಂದರ ಹಿಂದೆಯೂ ತೆಳ್ಳಗಿನ ರಟ್ಟಿನ ಹಾಳೆ ಕಟ್ಟಿರುತ್ತೇವೆ. ಅದಕ್ಕೆ ಸಾಕ್ಷಿ ಹಾಳೆ ಎಂದು ಹೆಸರು. ಗುಂಡು ದಾಟಿದ್ದರೆ ಹಾಳೆಯಲ್ಲಿ ತೂತು ಇರುತ್ತದೆ, ಇಲ್ಲದಿದ್ದರೆ ಇಲ್ಲ. ತೂತಿನ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ತಾರೀಕು ಹಾಕಿ ಸಹಿ ಮಾಡುವವಳು ನಾನು.

ಸಾಧಾರಣ ಮನೆಗಳಲ್ಲಿ ಇರುವಂಥದೇ ಗೋಡೆ ಬೇಕು, ಟೊಳ್ಳು ಇಟ್ಟಿಗೆಯದು, ಎಂದು ಬರೆದು ಕೊಟ್ಟಿದ್ದರು. ನಮ್ಮ ಮೇಸ್ತ್ರಿ ಕಟ್ಟಿದರು. ಮೂವತ್ತು ವರ್ಷ ಗೋಡೆ ಕಟ್ಟಿದ ಮನುಷ್ಯ. ನಾಲ್ಕು ದಿನ ನೀರು ಹಾಕಿ, ಹಸುಗೂಸನ್ನು ನೋಡಿಕೊಂಡ ಹಾಗೆ ಅದನ್ನು ನೋಡಿಕೊಂಡರು. ಮಗಳ ಮನೆಗೆ ಕಟ್ಟಿದಂಗೆ ಕಟ್ಟಿದೀರಲ್ಲ ಎಂದು ನಾನು ತಮಾಷೆ ಮಾಡಿದ್ದೆ. ಹಳೆಯ ಗುಂಡು ಐದಕ್ಕೆ ಐದೂ ದಾಟಿತು. ಹೊಸದರಲ್ಲಿ ಒಂದೂ ದಾಟಲಿಲ್ಲ, ಹಾಳೆಯ ಮೇಲೆ ಒಂದು ಗೀರೂ ಬೀಳಲಿಲ್ಲ. ಹೊಸ ಗುಂಡನ್ನು ಗೋಡೆ ತಡೆಯುತ್ತದೆ ಎಂದು ವರದಿ ಹೋಯಿತು, ಪೊಲೀಸರು ಅದನ್ನೇ ಕೊಂಡರು.

ಆ ಖುಷಿಯಲ್ಲೇ ನಿಮ್ಮ ಮನೆಗೆ ಊಟಕ್ಕೆ ಬಂದಿದ್ದೆ, ನೆನಪಿದೆಯಲ್ಲ. ಭಾವ ನನ್ನನ್ನು ಕೆಣಕಿದರು. ಪಟಾಕಿ ಬಂದ್ಳು, ಎಲ್ಲರೂ ಕಿವಿ ಮುಚ್ಕೊಳ್ಳಿ ಅಂದರು. ಆಮೇಲೆ, ನಮ್ಮ ಬೀದೀಲಿ ಗುಂಡು ಹಾರಿದ್ರೆ ಎಲ್ಲಿ ಬಚ್ಚಿಟ್ಕೊಳ್ಳೋದು ಹೇಳಮ್ಮ, ಮಂಚದ ಕೆಳಗಾ ಎಂದು ಕೇಳಿದರು. ನಾನು ಎದ್ದು ಹೋಗಿ ಅಡುಗೆಮನೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಬಾಗಿಲ ಹಿಂದೆ ಬೇಡ ಭಾವ, ಇಲ್ಲಿ ನಿಂತ್ಕೊಳ್ಳಿ, ಇದನ್ನ ದಾಟಿ ಏನೂ ಬರಲ್ಲ ಅಂದೆ. ಗೋಡೆ ಟೊಳ್ಳು ಸದ್ದು ಮಾಡಿತು. ನಾನು ಕೇಳಿಸಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ.

ಅದೇ ಊಟದಲ್ಲಿ ನೀನು ನನಗೆ, ನಿಂದು ಜನಾನ ಕೊಲ್ಲೋಕೆ ಸಹಾಯ ಮಾಡೋ ಕೆಲಸ ಕಣೇ ಅಂದೆ. ನಾನು ತಟ್ಟೆ ಬಿಟ್ಟು ಎದ್ದು ಬಂದೆ. ಭಾವ ಬೀದಿ ಕೊನೆಯವರೆಗೂ ಹಿಂದೆ ಬಂದು ಸಮಾಧಾನ ಮಾಡಿದರು. ಅಲ್ಲಿಂದ ನಿನ್ನದೂ ಮಾತಿಲ್ಲ, ನನ್ನದೂ ಇಲ್ಲ. ಹಟದಲ್ಲಿ ನಾವಿಬ್ಬರೂ ಒಬ್ಬಳೇ ತಾಯಿಯ ಮಕ್ಕಳು.

ಮುಂದಿನದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಭಾವ ಗಡಿಯಾರದ ಅಂಗಡಿ ಮುಚ್ಚಿ ಊಟಕ್ಕೆ ಬಂದಿದ್ದರು. ಪೊಲೀಸರು ಯಾರನ್ನೋ ಅಟ್ಟಿಸಿಕೊಂಡು ನಿಮ್ಮ ಬೀದಿಗೆ ನುಗ್ಗಿದರು. ಗೋಡೆ ಹಿಂದೆ ಹೋಗಿ ಎಂದು ನೀನು ಕೂಗಿದೆ. ಭಾವ ಹೋದರು, ನಾನು ಬಡಿದು ತೋರಿಸಿದ್ದ ಜಾಗದಲ್ಲೇ ನಿಂತರು.

ಭಾವನ ಸಾವಿನ ವಿಚಾರಣೆಯಲ್ಲಿ ನೀನು ಎರಡನೆಯ ಬೆಂಚಿನಲ್ಲಿ ಕೂತಿದ್ದೆ. ಅವರು ಗೋಡೆ ಹಿಂದೇನೇ ಇದ್ರು ಎಂದು ನೀನು ಮೂರು ಸಲ ಹೇಳಿದೆ. ಅಂಥ ಗೋಡೆಯನ್ನು ಈ ಗುಂಡು ದಾಟುತ್ತದೆಯೇ ಎಂದು ನನ್ನನ್ನು ಕೇಳಿದರು. ಪರೀಕ್ಷೆಯಲ್ಲಿ ದಾಟಿಲ್ಲ ಅಂದೆ. ಅಷ್ಟೇ ಸಾಕಾಯಿತು ಅವರಿಗೆ. ಗೋಡೆಯಲ್ಲಿದ್ದದ್ದು ನಲ್ಲಿ ಪೈಪಿನ ಹಳೆಯ ತೂತು, ಗುಂಡು ಬಂದದ್ದು ಒಡೆದ ಕಿಟಕಿಯಿಂದ, ಸತ್ತವರು ಕಿಟಕಿಯಲ್ಲಿ ನಿಂತು ತಮಾಷೆ ನೋಡುತ್ತಿದ್ದರು, ತಪ್ಪು ಅವರದೇ ಎಂದು ಬರೆದರು. ಕೀ ಕೊಡದ ಗಡಿಯಾರ ಕಂಡರೂ ಕಸಿವಿಸಿಪಡುತ್ತಿದ್ದ ಆ ಜೋಪಾನದ ಮನುಷ್ಯನಿಗೆ ಇಂಥ ಹೆಸರು ಬಂತು. ನೀನು ಆಗ ನನ್ನ ಕಡೆ ತಿರುಗಿ ನೋಡಿದೆ, ನಾನು ನನ್ನ ಚಪ್ಪಲಿ ನೋಡಿಕೊಂಡೆ.

ವಿಚಾರಣೆ ಮುಗಿದು ಒಂದು ವಾರವಾದ ಮೇಲೆ ಮೇಸ್ತ್ರಿ ನನ್ನ ಮೇಜಿನ ಹತ್ತಿರ ಬಂದು ನಿಂತರು. ಆ ಇಟ್ಟಿಗೆಗಳ ಟೊಳ್ಳಿಗೆಲ್ಲ ಗಾರೆ ತುಂಬಿಬಿಟ್ಟಿದ್ದೆ ಮೇಡಂ ಅಂದರು. ಗುಂಡು ಹೊಡೆಯೋಕೇ ಕಟ್ಟೋದಾದ್ರೂ ಗೋಡೆ ಗೋಡೇನೇ ಅಲ್ವಾ, ಹೊಟ್ಟೆ ಖಾಲಿ ಬಿಟ್ಟು ಕಟ್ಟೋಕೆ ಕೈ ಬರಲಿಲ್ಲ ಅಂದರು. ನಿಮ್ಮ ಮನೆ ಕಟ್ಟಿದವನಿಗೆ ಅಂಥ ಕೈ ಇರಲಿಲ್ಲ ಅಕ್ಕ. ಯಾರ ಮನೆ ಕಟ್ಟುವವರಿಗೂ ಇರುವುದಿಲ್ಲ. ನಾವು ಲೋಕದಲ್ಲೇ ಇಲ್ಲದ ಗೋಡೆಗೆ ಹೊಡೆದು, ಇರುವ ಗೋಡೆಗಳ ಬಗ್ಗೆ ಬರೆದೆವು. ಇದು ನನಗೆ ಮೊದಲೇ ಗೊತ್ತಿದ್ದರೆ ವಿಚಾರಣೆಯಲ್ಲಿ ಹಾಗೆ ಹೇಳುತ್ತಿರಲಿಲ್ಲ.

ನಮ್ಮ ಕಚೇರಿಯ ಸಾಹೇಬರ ಹತ್ತಿರ ಹೋದೆ. ವರದಿ ಹೋಗಿದೆ, ಗುಂಡು ಎಲ್ಲ ಠಾಣೆಗೂ ಹಂಚಿಯಾಗಿದೆ, ಈಗ ಅದನ್ನೆಲ್ಲ ಕೆದಕಿದ್ರೆ ಹೋದವರು ವಾಪಸ್ ಬರ್ತಾರಾ ಅಂದರು. ವಿಚಾರಣೆಯ ಕಚೇರಿಗೆ ಅರ್ಜಿ ಹಿಡಿದುಕೊಂಡು ಹೋದೆ. ಅಲ್ಲಿನ ಗುಮಾಸ್ತೆ ಅದನ್ನು ಓದದೆಯೇ ನನ್ನ ಕಡೆಗೆ ತಳ್ಳಿ, ಫೈಲು ಮುಗಿದಿದೆ, ಅವಧಿಯೂ ಮುಗಿದಿದೆ ಅಂದಳು. ಮೇಸ್ತ್ರಿ ನಿವೃತ್ತರಾಗಿ ಹೋದರು. ಏನನ್ನೂ ಬರೆದು ಕೊಡಲಾರೆ, ಪಿಂಚಣಿ ನಿಲ್ಲಿಸ್ತಾರೆ ಎಂದು ಕೈ ಮುಗಿದರು. ಮೊನ್ನೆ ಶನಿವಾರ ಕೂಡ ಶೆಡ್ಡಿನಲ್ಲಿ ಅದೇ ಗುಂಡಿನ ಹೊಸ ಪೆಟ್ಟಿಗೆ ಬಂದಿಳಿಯಿತು. ಇಳಿಸಿಕೊಂಡೆ ಎಂದು ಸಹಿ ಮಾಡಿದವಳೂ ನಾನೇ.

ಇದರಿಂದ ಏನೂ ಆಗುವುದಿಲ್ಲ, ಅದು ನನಗೆ ಗೊತ್ತು. ಭಾವನ ಹೆಸರಿನ ಮೇಲೆ ಬಿದ್ದ ಮಸಿ ಕಾಗದದಲ್ಲಿ ಹಾಗೇ ಇರುತ್ತದೆ. ಆದರೆ ನೀನು ಹೇಳಿದ್ದು ನಿಜ, ಅವರು ಗೋಡೆಯ ಹಿಂದೆಯೇ ಇದ್ದರು. ನಿನ್ನ ಮಾತು ಕೇಳಿ ಹೋದರೆಂದು ನಿನ್ನನ್ನು ಹಳಿದುಕೊಳ್ಳಬೇಡ. ಆ ಮಾತನ್ನು ಆ ಮನೆಯಲ್ಲಿ ಬಿಟ್ಟು ಬಂದವಳು ನಾನು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮಗಳು ಹೆದರಿದ್ದಾಳೆ.

ಪಟಾಕಿ ಎಂದು ಭಾವ ಇಟ್ಟ ಹೆಸರಿನಲ್ಲಿ ಸಹಿ ಮಾಡಲು ಇನ್ನು ಮನಸ್ಸು ಬರುವುದಿಲ್ಲ.

ಇಂತಿ,
ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಮೊದಲೇ ಗೊತ್ತಿದ್ದರೆ ಎಂದು ಮೇಲೆ ಬರೆದದ್ದು ಸುಳ್ಳು. ನಮ್ಮ ಜಗಳವಾದ ಮೇಲೆ, ಮೇಸ್ತ್ರಿ ರಜೆಯಲ್ಲಿದ್ದಾಗ, ಹೊಸ ಗುಂಡನ್ನು ಮತ್ತೊಮ್ಮೆ ಪರೀಕ್ಷಿಸಲೆಂದು ಬೇರೊಬ್ಬ ಎರಡನೆಯ ಗೋಡೆ ಕಟ್ಟಿದ್ದ, ಬರೆದು ಕೊಟ್ಟ ಹಾಗೆಯೇ, ಟೊಳ್ಳಾಗಿ. ಹೊಸ ಗುಂಡು ಐದಕ್ಕೆ ಐದೂ ದಾಟಿತು. ಕಟ್ಟಿದ್ದು ಸರಿಯಿಲ್ಲ ಎಂದು ಸಾಹೇಬರು ಆ ಗೋಡೆಯನ್ನೇ ರಿಜಿಸ್ಟರಿನಿಂದ ತೆಗೆಸಿದರು. ಗಾರೆಯ ವಿಷಯ ಮೇಸ್ತ್ರಿ ನನಗೆ ಹೇಳಿದ್ದು ವಿಚಾರಣೆ ಮುಗಿದ ಮೇಲಲ್ಲ, ರಜೆ ಮುಗಿಸಿ ಬಂದ ಆ ವಾರವೇ. ಹರಿದು ಹಾಕಬೇಕಿದ್ದ ಸಾಕ್ಷಿ ಹಾಳೆಯನ್ನು ನಾನು ಬಚ್ಚಿಟ್ಟಿದ್ದೆ, ಇದರ ಜೊತೆಗೆ ಮಡಚಿ ಇಟ್ಟಿದ್ದೇನೆ. ರಿಜಿಸ್ಟರಿನಲ್ಲಿ ಇಲ್ಲದ ಗೋಡೆಯ ಹಾಳೆಯನ್ನು ಯಾರೂ ಒಪ್ಪುವುದಿಲ್ಲ, ಇದು ನಿನಗೆ ಮಾತ್ರ. ಐದು ತೂತಿನ ಕೆಳಗೆ ನನ್ನ ಸಹಿ ಇದೆ, ತಾರೀಕು ನೋಡು. ಭಾವ ಹೋಗುವುದಕ್ಕೆ ನಲವತ್ತೊಂದು ದಿನ ಮೊದಲು. ನಿಮ್ಮ ಅಡುಗೆಮನೆಯ ಗೋಡೆಯನ್ನು ನಂಬಬೇಡಿ ಎಂದು ಹೇಳಲು ಅಂದು ಸಂಜೆಯೇ ಫೋನ್ ಕೈಗೆತ್ತಿಕೊಂಡಿದ್ದೆ. ಮೊದಲು ಅಕ್ಕನೇ ಮಾಡಲಿ ಅಂದುಕೊಂಡು ಕೆಳಗಿಟ್ಟೆ.