ಭಾನುವಾರ ಬರಬೇಡ

ಪ್ರೀತಿಯ ಅಕ್ಕನಿಗೆ,

ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ನಾನು ತಣ್ಣಗಾಗುತ್ತಿದ್ದಾಗ ಮೊದಲ ಬಾಟಲಿ ರಕ್ತ ಕೊಟ್ಟವಳು ನೀನು. ಗರ್ಭಕೋಶ ತೆಗೆದು ಡಾಕ್ಟರು ನನ್ನನ್ನು ಉಳಿಸಿದರು; ಇನ್ನೊಂದು ಮಗು ನನಗಾಗದು. ಇಪ್ಪತ್ತಾರು ದಿನ ನಾನು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ, ನೀನು ಹೊಲಿಗೆ ಅಂಗಡಿಗೆ ಬೀಗ ಹಾಕಿ ನನ್ನ ಮಗಳನ್ನು ನಿನ್ನ ಮನೆಯಲ್ಲಿ ಸಾಕಿದೆ. ಯಾವುದನ್ನೂ ನಾನು ಮರೆತಿಲ್ಲ.

ಮೊನ್ನೆ ನೀನೂ ಭಾವನೂ ಬಂದಾಗ ಅವಳು ನನ್ನ ತೋಳಲ್ಲಿ ಕಿರುಚುತ್ತಿದ್ದಳು. “ಇಲ್ಲಿ ಕೊಡೇ, ನಿಂಗೆ ಎತ್ಕೊಳ್ಳೋಕೂ ಬರಲ್ಲ” ಎಂದು ನೀನು ನಕ್ಕೆ. ನಿನ್ನ ಹೆಗಲಿಗೆ ಒರಗಿದ್ದೇ ತಡ, ಸುಮ್ಮನಾದಳು. “ತಾಯಿ ಯಾರು ಅಂತ ಇವಳಿಗೆ ಚೆನ್ನಾಗಿ ಗೊತ್ತು” ಎಂದು ಭಾವ ತಮಾಷೆ ಮಾಡಿದರು. ನೀನು ಅವರನ್ನು ಗದರಲಿಲ್ಲ.

ನೀವು ಹೋದ ಮೇಲೆ ಮತ್ತೆ ಅತ್ತಳು. ಗಂಟಲು ಕಟ್ಟುವವರೆಗೂ ಅಳಲು ಬಿಟ್ಟೆ. ಕೊನೆಗೆ ಬೇರೆ ದಾರಿಯಿಲ್ಲದೆ ನನ್ನ ಎದೆಗೇ ಒರಗಿ ಮಲಗಿದಳು.

ಇನ್ನು ಭಾನುವಾರ ಬರಬೇಡ. ಅವಳ ಬಟ್ಟೆ, ಹಾಲಿನ ಬಾಟಲಿಗಳನ್ನು ಭಾವನ ಕೈಯಲ್ಲಿ ಕಳಿಸು. ಅವಳು ನಿನ್ನನ್ನು ಮರೆಯುವವರೆಗೆ ಫೋನೂ ಮಾಡಬೇಡ. ನಿನ್ನ ದನಿ ಕೇಳಿದರೆ ತಿರುಗಿ ಹುಡುಕುತ್ತಾಳೆ.

ನಿನಗೆ ಮಕ್ಕಳಿಲ್ಲ ಎಂಬುದು ನನಗೆ ನೆನಪಿದೆ. ನೆನಪಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಇಂತಿ,
ನಿನ್ನ ತಂಗಿ