ಮಂಡಿಗೊಂದು ಮಾತ್ರೆ, ರಕ್ತಕ್ಕೊಂದು ಮಾತ್ರೆ

ಮಾರ್ಚ್ 3, ಸಂಜೆ 6

ಇವತ್ತು ಕ್ಷೌರದಂಗಡಿಯಲ್ಲಿ ಹನ್ನೊಂದು ತಲೆ, ನಾಲ್ಕು ಗಡ್ಡ. ನಿಂತು ನಿಂತು ಮಂಡಿ ಕೈಕೊಟ್ಟಿದೆ. ರಿಟೈರ್ ಆದ ಮೇಷ್ಟ್ರು ಬಂದಿದ್ದರು. ಕತ್ತರಿಸಲು ಅವರ ತಲೆಯಲ್ಲಿ ಏನೂ ಉಳಿದಿಲ್ಲ. ಆದರೂ ಹದಿನೈದು ದಿನಕ್ಕೊಮ್ಮೆ ಬಂದೇ ಬರುತ್ತಾರೆ. ಒಂದು ಡಬ್ಬಿ ಕೊಟ್ಟರು. ಗ್ಲೂಕೋಸಮೈನ್.

"ಕೀಲಿಗೆ ಒಳ್ಳೇದು ಕಣಯ್ಯ, ನಾನೂ ತಗೋತೀನಿ. ಔಷಧಿ ಅಲ್ಲ, ಬರೀ ಸಪ್ಲಿಮೆಂಟು."

ಹೆಂಡತಿ ತೀರಿಕೊಂಡ ಮೇಲೆ ನನಗೋಸ್ಕರ ಅಂತ ಯಾರೂ ಏನೂ ತಂದಿರಲಿಲ್ಲ. ಹೃದಯದ ವಾಲ್ವ್ ಬದಲಾಯಿಸಿದಂದಿನಿಂದ ವಾರ್ಫರಿನ್ ಇದ್ದೇ ಇದೆ, ರಕ್ತ ಹೆಪ್ಪುಗಟ್ಟದ ಹಾಗೆ. ಅದರ ಜೊತೆ ಇದೂ ಒಂದು.

ಮಾರ್ಚ್ 24

ಮಂಡಿ ಪರವಾಗಿಲ್ಲ. ಅಥವಾ ಹಾಗನ್ನಿಸುತ್ತಿದೆ... ತೊಡೆಯ ಮೇಲೆ ನೀಲಿ ಕಲೆ, ಅಂಗೈ ಅಗಲ. ಎಲ್ಲಿ ತಗುಲಿತೋ. ಹಲ್ಲುಜ್ಜಿದರೆ ರಕ್ತ. ಯಾರಿಗೆ ತೋರಿಸಲಿ?

ಏಪ್ರಿಲ್ 2

ನನ್ನ ಗಡ್ಡ ನಾನೇ ಹೆರೆದುಕೊಳ್ಳುವಾಗ ಕುಯ್ದುಕೊಂಡೆ. ಮೂವತ್ತೈದು ವರ್ಷ ಪಳಗಿದ ಕೈ! ಪಟಿಕ ಒತ್ತಿದರೂ ರಕ್ತ ನಿಲ್ಲಲಿಲ್ಲ. ಎರಡು ಟವೆಲ್ ತೋಯ್ದವು. ಕೆನ್ನೆ ಹಿಡಿದುಕೊಂಡೇ ಆಸ್ಪತ್ರೆಗೆ ಬಸ್ ಹತ್ತಿದೆ. ರಕ್ತ ಎಷ್ಟು ತೆಳುವಾಗಿದೆ ಅಂತ ಅಳೆಯುವ ಐಎನ್‌ಆರ್ ಆರು ದಾಟಿದೆಯಂತೆ. ಮೂರರ ಆಸುಪಾಸು ಇರಬೇಕಿತ್ತು.

"ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?" ಡಾಕ್ಟರಮ್ಮ.

"ಇಲ್ಲಮ್ಮ."

"ಮನೇಲಿ ಯಾರಿದಾರೆ?"

ಅದಕ್ಕೂ ಇಲ್ಲಮ್ಮ ಅಂದೆ. ಅಡ್ಮಿಟ್.

ಏಪ್ರಿಲ್ 4, ವಾರ್ಡ್

ನರ್ಸಮ್ಮನಿಗೆ ನನ್ನ ಚೀಲದಲ್ಲಿ ಡಬ್ಬಿ ಸಿಕ್ಕಿತು. "ಇದೇನಣ್ಣ? ವಾರ್ಫರಿನ್ ಜೊತೆ ಇದು ಸೇರಿದ್ರೆ ರಕ್ತ ನಿಲ್ಲೋದೇ ಕಷ್ಟ. ಕೇಳಿದಾಗ ಹೇಳೋದಲ್ವಾ? ತಲೆಯೊಳಗೆ ಸೋರಿದ್ರೆ ಏನ್ ಗತಿ?"

ಚೆನ್ನಾಗಿ ಬೈದರು. ಹಿತವಾಗಿತ್ತು — ಯಾರಾದರೂ ಬೈದು ಎಷ್ಟು ದಿನವಾಗಿತ್ತು.

ಏಪ್ರಿಲ್ 13

ಅಂಗಡಿ ತೆರೆದೆ. ಮೇಷ್ಟ್ರು ಬಂದರು. ಹೇಳುವುದು ಬೇಡ ಅಂದುಕೊಂಡಿದ್ದೆ. ಕೆನ್ನೆಯ ಪಟ್ಟಿ ನೋಡಿ ಕೇಳಿದರು, ಹೇಳಿಬಿಟ್ಟೆ. ಮುಖ ಬಿಳಿಚಿಕೊಂಡಿತು.

"ನಿನ್ನ ಕೊಂದೇ ಬಿಡ್ತಿದ್ನಲ್ಲೋ..."

ಬಟ್ಟೆ ಹೊದಿಸುವ ಮೊದಲೇ ಎದ್ದು ಹೋದರು.

ಮೇ 11

ಮೇಷ್ಟ್ರು ಬಂದಿಲ್ಲ. ಬಾಗಿಲಲ್ಲಿ ನೆರಳು ಬಿದ್ದರೆ ತಿರುಗಿ ನೋಡುತ್ತೇನೆ. ಯಾರ್ಯಾರೋ.

ಮೇ 12, ಸಂಜೆ 5

ಮೇಷ್ಟ್ರ ಮನೆ ಹುಡುಕಿಕೊಂಡು ನಾನೇ ಬಂದೆ. ಎರಡನೇ ಮಹಡಿ. ಮಂಡಿ ಒಂದೊಂದು ಮೆಟ್ಟಿಲಿಗೂ ಶಾಪ ಹಾಕಿತು. ಬಾಗಿಲು ತೆಗೆದರು. ಇದ್ದ ನಾಲ್ಕು ಕೂದಲು ಕಿವಿ ದಾಟಿವೆ. ಮೇಜಿನ ಮೇಲೆ ಮಾತ್ರೆಗಳ ರಾಶಿ — ಬಿಪಿ, ಶುಗರ್, ನಿದ್ದೆ, ಹೆಸರು ಅಳಿಸಿಹೋದವು ಎರಡು.

"ಯಾವುದಕ್ಕೆ ಯಾವುದು ಆಗಲ್ಲ ಅಂತ ನನಗೂ ಯಾರೂ ಹೇಳಿಲ್ಲ ಕಣಯ್ಯ."

"ನಾಳೆ ಅಂಗಡಿಗೆ ರಜ. ಡಾಕ್ಟರಮ್ಮನ ಹತ್ರ ಇಬ್ರೂ ಹೋಗೋಣ."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಈಗ ಅವರು ಮಾತ್ರೆಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದಾರೆ, ಡಾಕ್ಟರಮ್ಮನಿಗೆ ತೋರಿಸಲು ನಾನು ಈ ಪುಸ್ತಕದಲ್ಲೇ ಬರೆದುಕೊಳ್ಳುತ್ತಿದ್ದೇನೆ. ಒಂದು — ಬಿಳಿ, ಬೆಳಿಗ್ಗೆ. ಎರಡು — ನಿಧಾನ ಮೇಷ್ಟ್ರೇ, ನಿಧಾನ...